ಕಣಜದ ಬಾಗಿಲಿಗೆ ಮುದ್ರೆ ಒತ್ತಿದವರು ಯಾರು?

ಪ್ರಶ್ನೆ: ಆದಿಮಾನವರ ಕಾಲದಲ್ಲಿ ಎಲ್ಲರೂ ಸಮಾನರಾಗಿದ್ದರು, ಬೇಸಾಯ ಶುರುವಾದ ಮೇಲೆ ಸಮಾಜದಲ್ಲಿ ವರ್ಗಗಳು ಹುಟ್ಟಿಕೊಂಡವು ಎಂದು ಮಗಳ ಸಮಾಜ ವಿಜ್ಞಾನದ ಪಾಠದಲ್ಲಿ ಓದಿದೆ. ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಎಲ್ಲರೂ ಸರಿಸಮವಾಗಿ ಬದುಕುತ್ತಿದ್ದ ಊರಿನಲ್ಲಿ ನಾಲ್ಕು ಜನ ಒಡೆಯರಾದರೆ ಉಳಿದವರು ಅದನ್ನು ಒಪ್ಪಿಕೊಂಡದ್ದಾದರೂ ಹೇಗೆ? ನಮ್ಮ ಕರ್ನಾಟಕದಲ್ಲೂ ಹೀಗೇ ನಡೆಯಿತೇ?

ಉತ್ತರ: ಪಾಠಪುಸ್ತಕ ಒಂದು ಸಾಲಿನಲ್ಲಿ ದಾಟಿಬಿಟ್ಟ ಜಾಗದಲ್ಲಿ ನಿಂತು ‘ಅದು ಹೇಗೆ?’ ಎಂದು ಕೇಳಿದ್ದೀರಿ. ಬಹಳ ಸಂತೋಷ. ಈ ವಿಷಯದಲ್ಲಿ ಗೊಂದಲವಾಗುವುದು ಸಹಜ. ಮಾನವಶಾಸ್ತ್ರಜ್ಞ ಮಾರ್ಗನ್ 1877ರಲ್ಲಿ, ಚಿಂತಕ ಎಂಗೆಲ್ಸ್ 1884ರಲ್ಲಿ, ಪುರಾತತ್ವಜ್ಞ ಗಾರ್ಡನ್ ಚೈಲ್ಡ್ 1936ರಲ್ಲಿ ತಮ್ಮ ತಮ್ಮ ಪುಸ್ತಕಗಳಲ್ಲಿ ಇದೇ ಪ್ರಶ್ನೆಗೆ ಉತ್ತರ ಹುಡುಕಿದರು. ಅವರ ಕಾಲಕ್ಕೆ ಮಣ್ಣಿನಡಿಯಲ್ಲೇ ಇದ್ದ ಎಷ್ಟೋ ಊರುಗಳು ಈಚೆಗೆ ಉತ್ಖನನದಲ್ಲಿ ಬೆಳಕಿಗೆ ಬಂದಿವೆ. ಹಾಗಾಗಿ ಇಂದು ನಿಮಗೆ ಇನ್ನಷ್ಟು ಹತ್ತಿರದ ಉತ್ತರ ಕೊಡಲು ಸಾಧ್ಯ.

ಮೊದಲು ‘ವರ್ಗ’ ಎಂದರೆ ಯಾವುದು ಎಂದು ಗೊತ್ತುಮಾಡಿಕೊಳ್ಳೋಣ. ಯಾವ ಕಾಲದಲ್ಲೂ ಎಲ್ಲರೂ ಒಂದೇ ಸಮ ಇರಲಿಲ್ಲ. ಗುರಿಕಾರನಾದ ಬೇಟೆಗಾರ, ಗಿಡಮೂಲಿಕೆ ಬಲ್ಲ ಅಜ್ಜಿ, ಜಗಳ ಬಿಡಿಸುವ ಹಿರಿಯ, ಇಂಥವರಿಗೆ ಎಲ್ಲ ಕಾಲಕ್ಕೂ ಮರ್ಯಾದೆ ಇತ್ತು. ರಷ್ಯಾದ ಸುಂಗೀರ್ ಎಂಬಲ್ಲಿ ಸುಮಾರು 34,000 ವರ್ಷ ಹಿಂದಿನ ಸಮಾಧಿಗಳು ಸಿಕ್ಕಿವೆ. ಬೇಸಾಯದ ಗಂಧವೇ ಇಲ್ಲದ ಕಾಲ ಅದು. ಅಲ್ಲಿ ಒಬ್ಬ ಗಂಡಸನ್ನೂ ಇಬ್ಬರು ಮಕ್ಕಳನ್ನೂ ದೈತ್ಯಾನೆಯ ದಂತದಿಂದ ಕೊರೆದ ಸಾವಿರಾರು ಮಣಿಗಳ ಜೊತೆ ಹೂಳಿದ್ದಾರೆ. ಅಷ್ಟು ಮಣಿ ಮಾಡಲು ಹಲವರು ಬಹುಕಾಲ ಕೂತು ಕೆಲಸ ಮಾಡಿರಬೇಕು. ಆದರೂ ಇದನ್ನು ವರ್ಗ ಎನ್ನುವುದಿಲ್ಲ. ಒಂದು ಗುಂಪು ದುಡಿದದ್ದರಲ್ಲಿ ಪಾಲು ಇನ್ನೊಂದು ಗುಂಪಿಗೆ ವರ್ಷ ವರ್ಷವೂ ತಪ್ಪದೆ ಹೋಗುತ್ತಿದ್ದು, ತಂದೆಯ ಸ್ಥಾನ ಮಕ್ಕಳಿಗೂ ಇಳಿದು ಬರುವಂತಿದ್ದರೆ ಅದು ವರ್ಗ. ಮರ್ಯಾದೆ ಮನುಷ್ಯನೊಂದಿಗೆ ಹೋಗುತ್ತದೆ, ವರ್ಗ ಮನೆತನದಲ್ಲಿ ಉಳಿಯುತ್ತದೆ.

ಹಾಗೆಂದ ಮಾತ್ರಕ್ಕೆ ಬೇಟೆಗಾರರ ಸಮಾನತೆ ತಾನಾಗಿ ಇತ್ತು ಎಂದುಕೊಳ್ಳಬೇಡಿ. ಅದನ್ನು ಅವರು ಎಚ್ಚರದಿಂದ ಕಾಪಾಡಿಕೊಳ್ಳುತ್ತಿದ್ದರು. ಆಫ್ರಿಕದ ಕಲಹಾರಿ ಪ್ರದೇಶದ ಸಾನ್ ಜನರ ನಡುವೆ ರಿಚರ್ಡ್ ಲೀ ಎಂಬ ಮಾನವಶಾಸ್ತ್ರಜ್ಞರು 1960ರ ದಶಕದಿಂದ ಅಧ್ಯಯನ ಮಾಡಿದರು. ದೊಡ್ಡ ಮಿಕ ಹೊಡೆದು ತಂದವನನ್ನು ಅಲ್ಲಿ ಯಾರೂ ಹೊಗಳುತ್ತಿರಲಿಲ್ಲ. ‘ಇದೇನು, ಬರೀ ಎಲುಬು’ ಎಂಬ ಧಾಟಿಯಲ್ಲಿ ಹಂಗಿಸುತ್ತಿದ್ದರು. ಮಾಂಸ ಹಂಚುವ ಹಕ್ಕು ಹೊಡೆದವನದಲ್ಲ, ಬಾಣ ಯಾರದೋ ಅವರದು. ಬಾಣಗಳೋ ಕೈಯಿಂದ ಕೈಗೆ ಎರವಲು ಹೋಗುತ್ತಿದ್ದವು. ಒಬ್ಬನ ತಲೆ ತಿರುಗದಂತೆ ಮಾಡಿಕೊಂಡ ಕಟ್ಟುಪಾಡು ಇದು. ಲೀ ಕಂಡ ಸಾನ್ ಜನರನ್ನು ನೋಡಿ ಹತ್ತು ಸಾವಿರ ವರ್ಷ ಹಿಂದಿನವರೂ ಹೀಗೇ ಇದ್ದರು ಎಂದು ತೀರ್ಮಾನಿಸುವುದು ತಪ್ಪು. ಆದರೆ ಸಮಾನತೆ ಕಾಯಬೇಕಾದ ವಸ್ತು, ಕಾಯದಿದ್ದರೆ ಕೈ ತಪ್ಪುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಈಗ ನಿಮ್ಮ ಮಗಳ ಪಾಠದ ಆ ಸಾಲಿಗೆ ಬರೋಣ. ‘ಬೇಸಾಯ ಬಂತು, ಮಿಗುತಾಯ ಬಂತು, ಆದ್ದರಿಂದ ವರ್ಗ ಬಂತು’ ಎಂಬ ಸರಪಳಿ ಕೇಳಲು ಸರಿಯೆನಿಸುತ್ತದೆ. ನನಗೂ ಶಾಲೆಯಲ್ಲಿ ಹೀಗೆಯೇ ಕಲಿಸಿದ್ದರು. ಇಲ್ಲಿಯೇ ಬಹಳ ಜನರಿಗೆ ಗೊಂದಲವಾಗುವುದು, ಹಾಗಾಗಿ ಎರಡು ಉದಾಹರಣೆ ಕೊಟ್ಟು ಬಿಡಿಸುತ್ತೇನೆ.

ತುರ್ಕಿಯ ಬಯಲಿನಲ್ಲಿ ಚಾತಾಲ್‌ಹೋಯುಕ್ ಎಂಬ ದಿಬ್ಬವಿದೆ. ಕ್ರಿ.ಪೂ. 7100ರ ಸುಮಾರಿನಿಂದ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಜನ ಬೆಳೆ ಬೆಳೆದು, ಕುರಿ ಸಾಕಿ ಬದುಕಿದರು. ಮನೆಗಳು ಗೋಡೆಗೆ ಗೋಡೆ ತಾಗಿಕೊಂಡು ನಿಂತಿದ್ದವು. ಬೀದಿ ಇರಲಿಲ್ಲ, ಮಾಳಿಗೆಯ ಮೇಲೆ ನಡೆದು ಬಂದು ಏಣಿಯಿಂದ ಒಳಗಿಳಿಯಬೇಕಿತ್ತು. ಮನೆಗಳ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪ್ರತಿ ಮನೆಯಲ್ಲೂ ಅದರದೇ ಧಾನ್ಯದ ಮಣ್ಣಿನ ತೊಟ್ಟಿಗಳು, ನೆಲದಡಿಯಲ್ಲಿ ಅದರದೇ ಹಿರಿಯರ ಸಮಾಧಿಗಳು. ಅರಮನೆಯೂ ಇಲ್ಲ, ಊರೊಟ್ಟಿನ ಉಗ್ರಾಣವೂ ಇಲ್ಲ. ಬೇಸಾಯವಿತ್ತು, ಕೂಡಿಟ್ಟ ಕಾಳಿತ್ತು, ಆದರೆ ಒಡೆಯರು ಆಳುಗಳು ಎಂಬ ಏರ್ಪಾಡಿನ ಕುರುಹು ಸಿಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಉತ್ತರ ಅಮೆರಿಕದ ವಾಯವ್ಯ ಕರಾವಳಿಯದು. ಹೈಡಾ, ಟ್ಲಿಂಗಿಟ್ ಮುಂತಾದ ಜನ ಬೆಳೆ ಬೆಳೆದು ಬದುಕಿದವರಲ್ಲ, ಮೀನು ಹಿಡಿದು ಬದುಕಿದವರು. ಆದರೂ ಅವರಲ್ಲಿ ಕುಲೀನರು, ಸಾಮಾನ್ಯರು, ಗುಲಾಮರು ಎಂಬ ಮೂರು ಅಂತಸ್ತು ಗಟ್ಟಿಯಾಗಿದ್ದವು. ಸಾಲ್ಮನ್ ಮೀನು ವರ್ಷದ ನಿಶ್ಚಿತ ಕಾಲದಲ್ಲಿ ನಿಶ್ಚಿತ ಹೊಳೆಯಲ್ಲಿ ಹಿಂಡುಗಟ್ಟಿ ಏರಿ ಬರುತ್ತದೆ. ಅದನ್ನು ಹಿಡಿದು, ಹೊಗೆ ಹಾಕಿ ಒಣಗಿಸಿದರೆ ಚಳಿಗಾಲವೆಲ್ಲ ಇರುತ್ತದೆ. ಒಳ್ಳೆಯ ಮೀನಿನ ಮಡುಗಳು ಕೆಲವು ಮನೆತನಗಳ ಸ್ವತ್ತಾದವು. ಮೀನು ಸೀಳಿ ಒಣಗಿಸುವ ದುಡಿಮೆಗೆ ಕಾಳಗದಲ್ಲಿ ಸೆರೆಸಿಕ್ಕವರನ್ನು ಹಚ್ಚಿದರು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬೇಸಾಯವೊಂದೇ ಕಾರಣವಲ್ಲ ಎಂದು ಗೊತ್ತಾಗುತ್ತದೆ. ಕೂಡಿಡಬಹುದಾದ ಆಹಾರ ಇರಬೇಕು, ಸರಿ. ಅದು ಯಾರ ಕೈಯಲ್ಲಿದೆ, ಅದನ್ನು ಬಿಟ್ಟು ಹೋದರೆ ಬದುಕಲು ಬೇರೆ ದಾರಿ ಇದೆಯೇ ಎಂಬುದು ಅದಕ್ಕಿಂತ ದೊಡ್ಡ ಸಂಗತಿ. ಚಾತಾಲ್‌ಹೋಯುಕ್‌ನಲ್ಲಿ ಕಣಜ ಪ್ರತಿ ಮನೆಯಲ್ಲೂ ಇತ್ತು. ಅದು ಮನೆಯಿಂದ ಹೊರಗೆ ಹೋದಾಗ ಏನಾಯಿತು ಎಂಬುದನ್ನು ನೋಡಲು ಇಂದಿನ ಸಿರಿಯಾ, ಇರಾಕ್‌ಗಳ ಕಡೆ ಹೋಗಬೇಕು. ಅಲ್ಲಿ ಒಂದು ಪುಟ್ಟ ವಸ್ತುವಿನ ಜಾಡು ಹಿಡಿದರೆ ಇಡೀ ಕಥೆ ಸಿಗುತ್ತದೆ. ಆ ವಸ್ತು ಮಣ್ಣಿನ ಮುದ್ರೆ.

ಸಿರಿಯಾದ ಟೆಲ್ ಸಾಬಿ ಅಬ್ಯದ್ ಎಂಬ ಹಳ್ಳಿ ಕ್ರಿ.ಪೂ. 6000ದ ಸುಮಾರಿಗೆ ಬೆಂಕಿಗೆ ಸುಟ್ಟುಹೋಯಿತು. ಸುಟ್ಟದ್ದರಿಂದಲೇ ಅಲ್ಲಿನ ಹಸಿಮಣ್ಣಿನ ವಸ್ತುಗಳು ಗಟ್ಟಿಯಾಗಿ ನಮ್ಮ ತನಕ ಉಳಿದಿವೆ. ಅವುಗಳಲ್ಲಿ ಮುನ್ನೂರರಷ್ಟು ಮುದ್ರೆ ಒತ್ತಿದ ಮಣ್ಣಿನ ತುಂಡುಗಳಿವೆ. ಬುಟ್ಟಿ, ಗಡಿಗೆಗಳ ಬಾಯಿ ಕಟ್ಟಿ, ಮೇಲೆ ಹಸಿಮಣ್ಣು ಮೆತ್ತಿ, ಅದರ ಮೇಲೆ ಅವರವರ ಗುರುತು ಒತ್ತುತ್ತಿದ್ದರು. ಯಾರಾದರೂ ಬಿಚ್ಚಿದರೆ ಮಣ್ಣು ಒಡೆದು ಕಳ್ಳತನ ಗೊತ್ತಾಗುತ್ತಿತ್ತು. ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ದೂರ ಹೋಗುವ ಕುಟುಂಬಗಳು ತಮ್ಮ ಸಾಮಾನನ್ನು ಊರಿನ ಉಗ್ರಾಣದಲ್ಲಿ ಇಟ್ಟು ಹೋಗುತ್ತಿದ್ದಿರಬೇಕು ಎಂದು ಅಲ್ಲಿ ಅಗೆದವರ ಅಭಿಪ್ರಾಯ. ಇಲ್ಲಿ ಮುದ್ರೆ ಕಾಯುತ್ತಿದ್ದುದು ಇಟ್ಟವರ ಪಾಲನ್ನು. ನೆಚ್ಚಿಕೆಯ ಏರ್ಪಾಡು ಇದು, ಯಾರ ಮೇಲೂ ಯಾರ ದಬ್ಬಾಳಿಕೆಯೂ ಇಲ್ಲ.

ಮುಂದಿನ ಹೆಜ್ಜೆ ದಕ್ಷಿಣ ಇರಾಕಿನದು. ಎರಿದು ಎಂಬ ಊರಿನಲ್ಲಿ ಒಂದರ ಮೇಲೊಂದು ಹದಿನೈದಕ್ಕೂ ಹೆಚ್ಚು ಪದರಗಳಲ್ಲಿ ಗುಡಿ ಕಟ್ಟಿದ್ದಾರೆ. ತೀರ ಕೆಳಗಿನದು ಸುಮಾರು ಮೂರು ಮೀಟರ್ ಚೌಕದ ಒಂದು ಕೋಣೆ, ಒಳಗೊಂದು ನೈವೇದ್ಯದ ಕಟ್ಟೆ. ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲಿನ ಪದರದಲ್ಲಿ ಅದೇ ಗುಡಿ ಇಪ್ಪತ್ತಾರು ಮೀಟರ್ ಉದ್ದದ ಕಟ್ಟಡವಾಗಿದೆ, ನೆಲದ ಮೇಲೆ ದೇವರಿಗೆ ಅರ್ಪಿಸಿದ ಮೀನಿನ ಮುಳ್ಳುಗಳ ರಾಶಿ ಬಿದ್ದಿದೆ. ಜನ ತಮ್ಮ ಬೆಳೆಯಲ್ಲಿ, ಮೀನಿನಲ್ಲಿ ಒಂದು ಪಾಲನ್ನು ತಾವೇ ತಂದು ಒಪ್ಪಿಸುತ್ತಿದ್ದರು. ಇದೇ ಊರಿನ ಸ್ಮಶಾನದಲ್ಲಿ ಹೆಚ್ಚುಕಡಿಮೆ ಇನ್ನೂರು ಸಮಾಧಿಗಳನ್ನು ತೆರೆದರು. ಸತ್ತವರ ಜೊತೆ ಇಟ್ಟ ಮಡಕೆಕುಡಿಕೆಗಳಲ್ಲಿ ಬಡವ ಬಲ್ಲಿದ ಎಂದು ಗುರುತಿಸುವಂಥ ಅಂತರ ಕಾಣಲಿಲ್ಲ. ಗುಡಿ ದೊಡ್ಡದಾಗಿತ್ತು, ಮನುಷ್ಯರು ಇನ್ನೂ ದೊಡ್ಡವರಾಗಿರಲಿಲ್ಲ.

ಗುಡಿಗೆ ಪಾಲು ಕೊಡುವುದರಲ್ಲಿ ಭಕ್ತಿಯ ಜೊತೆಗೆ ಲೆಕ್ಕಾಚಾರವೂ ಇತ್ತು. ಯೂಫ್ರೆಟಿಸ್, ಟೈಗ್ರಿಸ್ ನದಿಗಳಿಗೆ ಪ್ರವಾಹ ಬರುವುದು ವಸಂತದಲ್ಲಿ, ಸರಿಯಾಗಿ ಬಾರ್ಲಿ ಕೊಯ್ಲಿಗೆ ಬರುವ ಹೊತ್ತಿಗೆ. ಕಾಲುವೆ ತೋಡಿ, ಏರಿ ಹಾಕಿ, ಹೂಳೆತ್ತದಿದ್ದರೆ ಬೆಳೆ ಕೈಗೆ ಹತ್ತುವುದಿಲ್ಲ. ಒಂದು ವರ್ಷ ನೀರು ಕೈಕೊಟ್ಟರೆ ಹಸಿವು. ಆ ಬಯಲಿನಲ್ಲಿ ಒಳ್ಳೆಯ ಕಲ್ಲಿಲ್ಲ, ಮರವಿಲ್ಲ, ತಾಮ್ರವಿಲ್ಲ, ಎಲ್ಲವನ್ನೂ ಹೊರಗಿನಿಂದ ತರಿಸಬೇಕು. ಕಾಲುವೆಗೆ ಆಳು ಕೂಡಿಸಲು, ಕ್ಷಾಮಕ್ಕೆ ಕಾಳು ಇಟ್ಟಿರಲು, ಉಣ್ಣೆಬಟ್ಟೆ ಕೊಟ್ಟು ತಾಮ್ರ ತರಲು ನಡುವೆ ಒಂದು ದೊಡ್ಡ ಮನೆ ಇದ್ದರೆ ಎಲ್ಲರಿಗೂ ಅನುಕೂಲ. ದೇವರ ಮನೆ ಆ ಕೆಲಸಕ್ಕೆ ಸಿದ್ಧವಾಗಿ ನಿಂತಿತ್ತು. ‘ಒಪ್ಪಿಕೊಂಡದ್ದು ಹೇಗೆ’ ಎಂದು ಕೇಳಿದಿರಲ್ಲ, ಜನ ಮೊದಲು ಒಪ್ಪಿದ್ದು ಇದನ್ನು. ಇದರಲ್ಲಿ ಅವಿವೇಕವೇನೂ ಇರಲಿಲ್ಲ.

ಕಾಳಿನ ಗುಣವೂ ಇಲ್ಲಿ ಕೆಲಸ ಮಾಡಿತು. ಜೇಮ್ಸ್ ಸ್ಕಾಟ್ ಎಂಬ ವಿದ್ವಾಂಸರು 2017ರ ತಮ್ಮ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಗೆಡ್ಡೆಗೆಣಸು ನೆಲದೊಳಗಿರುತ್ತದೆ, ಬೇಕಾದಾಗ ಕಿತ್ತುಕೊಂಡರಾಯಿತು, ಎಷ್ಟಿದೆ ಎಂದು ಹೊರಗಿನವರಿಗೆ ತಿಳಿಯದು. ಬಾರ್ಲಿ, ಗೋಧಿ ಹಾಗಲ್ಲ. ನೆಲದ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲುತ್ತವೆ, ಒಂದೇ ಸಲ ಮಾಗುತ್ತವೆ, ಕಣದಲ್ಲಿ ರಾಶಿಯಾಗುತ್ತವೆ, ಕೊಳಗದಲ್ಲಿ ಅಳೆಯಲು, ವರ್ಷಗಟ್ಟಲೆ ಕೂಡಿಡಲು ಬರುತ್ತವೆ. ಪಾಲು ಎತ್ತುವವನಿಗೆ ಇದಕ್ಕಿಂತ ಸುಲಭದ ಬೆಳೆ ಬೇರೆ ಇಲ್ಲ. ನಮ್ಮ ಹಳ್ಳಿಗಳಲ್ಲಿ ರಾಶಿಯ ದಿನವೇ ಸಾಲ ಕೊಟ್ಟವನು, ಗೇಣಿಯ ಒಡೆಯ, ಆಯಗಾರ ಎಲ್ಲರೂ ಕಣಕ್ಕೆ ಬಂದು ನಿಲ್ಲುತ್ತಿದ್ದುದನ್ನು ಹಿರಿಯರಿಂದ ಕೇಳಿರುತ್ತೀರಿ, ಆ ಚಿತ್ರವನ್ನೇ ಇಲ್ಲಿಗೂ ಇಟ್ಟುಕೊಳ್ಳಬಹುದು.

ಕ್ರಿ.ಪೂ. 3500ರಿಂದ 3000ದ ನಡುವೆ ಮಾತು ಬೇರೆಯಾಗುತ್ತದೆ. ಪೂರ್ವ ತುರ್ಕಿಯ ಅರ್ಸ್ಲಾನ್‌ತೆಪೆ ಎಂಬಲ್ಲಿ ಇಟಲಿಯ ಪುರಾತತ್ವಜ್ಞರು ದಶಕಗಳ ಕಾಲ ಅಗೆದು ಮಣ್ಣಿಟ್ಟಿಗೆಯ ಒಂದು ಅರಮನೆಯನ್ನು ಹೊರತೆಗೆದಿದ್ದಾರೆ. ಅದರ ಉಗ್ರಾಣಗಳ ಬಳಿ ಎರಡು ಸಾವಿರಕ್ಕೂ ಹೆಚ್ಚು ಮುದ್ರೆಯ ತುಂಡುಗಳು ಸಿಕ್ಕವು. ತುಂಡಿನ ಮುಂಭಾಗದಲ್ಲಿ ಮುದ್ರೆಯ ಚಿತ್ರವಿರುತ್ತದೆ. ತಿರುಗಿಸಿ ಹಿಂಭಾಗ ನೋಡಿದರೆ ಮಣ್ಣು ಯಾವುದಕ್ಕೆ ಮೆತ್ತಿತ್ತೋ ಅದರ ಅಚ್ಚು ಇರುತ್ತದೆ. ಬುಟ್ಟಿಯ ಹೆಣಿಗೆ, ಚೀಲದ ಬಟ್ಟೆ, ಮಡಕೆಯ ಕಂಠ ಎಲ್ಲ ಅಲ್ಲಿ ಮೂಡಿವೆ. ಜೊತೆಗೆ ಮರದ ಗೂಟ, ಅದಕ್ಕೆ ಸುತ್ತಿದ ಹಗ್ಗ. ಅಂದರೆ ಬಾಗಿಲಿಗೂ ಮುದ್ರೆ ಬಿದ್ದಿದೆ. ಒಳಗಿರುವುದು ಎಲ್ಲರೂ ತಂದು ಹಾಕಿದ ಧಾನ್ಯವಾದರೂ ಬಾಗಿಲು ತೆರೆಯುವ ಅಧಿಕಾರ ಮುದ್ರೆ ಕೈಯಲ್ಲಿರುವ ಕೆಲವೇ ಅಧಿಕಾರಿಗಳದು. ಇಟ್ಟವರ ಗುರುತಾಗಿದ್ದ ಮುದ್ರೆ ಕಾಯುವವರ ಹಕ್ಕಾಗಿ ಬದಲಾಯಿತು. ವರ್ಗಗಳು ಹುಟ್ಟಿದ ಜಾಗ ತೋರಿಸಿ ಎಂದು ಯಾರಾದರೂ ಪಟ್ಟುಹಿಡಿದರೆ ನಾನು ಬೆರಳಿಡುವುದು ಈ ಬಾಗಿಲಿನ ಮೇಲೆ.

ಅಲ್ಲೇ ಅಚ್ಚಿನಲ್ಲಿ ತೆಗೆದಂತಿರುವ ಒರಟು ಬಟ್ಟಲುಗಳೂ ರಾಶಿಯಾಗಿ ಸಿಕ್ಕಿವೆ. ದಕ್ಷಿಣದ ದೊಡ್ಡ ನಗರ ಉರುಕ್‌ನಲ್ಲಂತೂ ಇಂಥ ಬಟ್ಟಲುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ರೊಟ್ಟಿ ಬೇಯಿಸುತ್ತಿದ್ದರು ಎನ್ನುವವರಿದ್ದಾರೆ, ದುಡಿದವರಿಗೆ ಪಡಿ ಅಳೆಯುತ್ತಿದ್ದರು ಎನ್ನುವವರೇ ಹೆಚ್ಚು. ಉರುಕ್‌ನ ಅತಿ ಹಳೆಯ ಬರಹದಲ್ಲಿ ‘ಉಣ್ಣು’ ಎಂಬುದರ ಚಿಹ್ನೆ ಮನುಷ್ಯನ ತಲೆಯ ಮುಂದೆ ಇಂಥದೇ ಬಟ್ಟಲು. ತನ್ನ ಮನೆಯ ತೊಟ್ಟಿಯಿಂದ ಕಾಳು ಮೊಗೆದು ಉಣ್ಣುತ್ತಿದ್ದವನ ಮಕ್ಕಳ ಮಕ್ಕಳು ಈಗ ದೊಡ್ಡ ಮನೆಯ ಮುಂದೆ ಬಟ್ಟಲು ಹಿಡಿದು ನಿಂತಿದ್ದರು.

ಉರುಕ್ ಕ್ರಿ.ಪೂ. 3100ರ ಹೊತ್ತಿಗೆ ಸುಮಾರು 250 ಹೆಕ್ಟೇರ್ ಹರಡಿದ್ದ ನಗರ. ಲೋಕದ ಅತಿ ಹಳೆಯ ಬರವಣಿಗೆಗಳಲ್ಲಿ ಒಂದು ಹುಟ್ಟಿದ್ದು ಇಲ್ಲಿ. ಆರಂಭದ ಸುಮಾರು ಐದು ಸಾವಿರ ಮಣ್ಣಿನ ಹಲಗೆಗಳು ಸಿಕ್ಕಿವೆ. ಅವುಗಳಲ್ಲಿ ಕಾವ್ಯವೂ ಇಲ್ಲ, ಪ್ರಾರ್ಥನೆಯೂ ಇಲ್ಲ. ಬಹುಪಾಲು ಲೆಕ್ಕಪತ್ರ, ಅಂದರೆ ಇಷ್ಟು ಬಾರ್ಲಿ ಬಂತು, ಇಷ್ಟು ಹೋಯಿತು, ಇಷ್ಟು ಕುರಿ, ಇಷ್ಟು ಆಳು. ಒಂದು ಹಲಗೆಯಲ್ಲಿ 37 ತಿಂಗಳ ಬಾರ್ಲಿಯ ಲೆಕ್ಕ 29,086 ಅಳತೆ ಎಂದು ಬರೆದು, ಹೊಣೆಗಾರನೆಂಬಂತೆ ಕುಶಿಮ್ ಎಂಬ ಹೆಸರು ಹಾಕಿದೆ. ಅದು ಒಬ್ಬ ಮನುಷ್ಯನ ಹೆಸರೋ ಒಂದು ಹುದ್ದೆಯ ಹೆಸರೋ ಎಂಬ ಚರ್ಚೆ ಇದೆ. ಉಳಿದ ಹಲಗೆಗಳಲ್ಲಿ ಪದಪಟ್ಟಿಗಳಿವೆ. ಅವುಗಳಲ್ಲೊಂದು ಹುದ್ದೆ, ಕಸುಬುಗಳನ್ನು ಸಾಲಾಗಿ ಜೋಡಿಸಿದ ಪಟ್ಟಿ, ಎಲ್ಲಕ್ಕಿಂತ ಮೇಲೆ ದೊಡ್ಡ ಅಧಿಕಾರಿಯ ಪದವಿ. ಲಿಪಿ ಕಲಿಯುವ ಹುಡುಗರು ಇದನ್ನು ಮುಂದೆ ನೂರಾರು ವರ್ಷ ತಿದ್ದಿ ತಿದ್ದಿ ಕಲಿತರು. ದಾಸಿ ಎಂಬುದನ್ನು ಬರೆಯುವಾಗ ಹೆಣ್ಣಿನ ಚಿಹ್ನೆಯ ಪಕ್ಕ ಬೆಟ್ಟದ ಚಿಹ್ನೆ ಹಾಕುತ್ತಿದ್ದರು. ಪೂರ್ವದ ಬೆಟ್ಟಸೀಮೆಯಿಂದ ಸೆರೆಹಿಡಿದು ತಂದ ಹೆಂಗಸರು ಇವರು ಎಂದು ಇದರಿಂದ ಊಹಿಸುತ್ತಾರೆ. ಗುಲಾಮಗಿರಿಯ ಮೊದಲ ಏಟು ಬಿದ್ದದ್ದು ಹೆಂಗಸರ ಮೇಲೆ ಎಂದು ಇತಿಹಾಸಕಾರ್ತಿ ಗೆರ್ಡಾ ಲರ್ನರ್ 1986ರಲ್ಲಿ ವಾದಿಸಿದರು. ನೇಯ್ಗೆಯ ದುಡಿಮೆಯ ದಾಖಲೆಗಳನ್ನು ನೋಡಿದರೆ ಆ ಮಾತಿನಲ್ಲಿ ಹುರುಳಿದೆ ಎನಿಸುತ್ತದೆ.

ಇದೇ ನಗರದಲ್ಲಿ 1933-34ರ ಉತ್ಖನನದಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಎತ್ತರದ ಕಲ್ಲಿನ ಹೂಜಿ ಸಿಕ್ಕಿತು. ಇಂಟರ್‌ನೆಟ್ಟಿನಲ್ಲಿ ‘ಉರುಕ್ ಹೂಜಿ’ಯ ಚಿತ್ರ ಹುಡುಕಿ ಮಗಳಿಗೆ ತೋರಿಸಿ, ಕೆಳಗಿನಿಂದ ಮೇಲಕ್ಕೆ ನೋಡಲು ಹೇಳಿ. ತೀರ ಕೆಳಗೆ ನೀರಿನ ಅಲೆ, ಅದರ ಮೇಲೆ ಪೈರು, ಅದರ ಮೇಲೆ ಸಾಲುಗಟ್ಟಿದ ಟಗರು ಕುರಿಗಳು. ಇನ್ನೂ ಮೇಲೆ ಮೈಮೇಲೆ ಬಟ್ಟೆಯಿಲ್ಲದ ಗಂಡಸರು ಬುಟ್ಟಿ, ಗಡಿಗೆಗಳನ್ನು ಎದೆಗವಚಿಕೊಂಡು ಸಾಲಾಗಿ ನಡೆಯುತ್ತಿದ್ದಾರೆ, ಎಲ್ಲರ ಮುಖವೂ ಒಂದೇ ಥರ. ತುದಿಯ ಪಟ್ಟಿಯಲ್ಲಿ ಇನಾನ್ನಾ ದೇವಿ, ಅಥವಾ ಅವಳ ಪೂಜಾರಿಣಿ, ನಿಂತಿದ್ದಾಳೆ. ಅವಳೆದುರು ಅಲಂಕಾರದ ನಡುಪಟ್ಟಿ ಧರಿಸಿದ ದೊರೆ. ಆತನ ಆಕೃತಿ ಒಡೆದುಹೋಗಿದೆ, ಆದರೆ ಅವನ ನಡುಪಟ್ಟಿಯ ತುದಿಯನ್ನು ಹಿಡಿದು ಹಿಂದೆ ನಿಂತ ಸೇವಕ ಉಳಿದಿದ್ದಾನೆ. ಕೆಳಗಿನವರೆಲ್ಲ ಹೊತ್ತು ತಂದದ್ದನ್ನು ದೇವರಿಗೆ ಒಪ್ಪಿಸುವ ಹೆಗ್ಗಳಿಕೆ ಬಟ್ಟೆ ಉಟ್ಟ ಆ ಒಬ್ಬನಿಗೆ. ಸಮಾಜ ಹೀಗಿರುವುದೇ ಲೋಕದ ನಿಯಮ, ನೀರು ಪೈರು ಕುರಿಗಳಷ್ಟೇ ಸಹಜ ಎಂದು ಆ ಕಲ್ಲು ಹೇಳುತ್ತದೆ. ಜನರನ್ನು ಒಪ್ಪಿಸುವ ಕೆಲಸದಲ್ಲಿ ಕಾವಲಿನವನ ದೊಣ್ಣೆಗಿಂತ ಇಂಥ ಚಿತ್ರಗಳ ಪಾಲು ದೊಡ್ಡದಿತ್ತು ಎಂದು ನನ್ನ ನಂಬಿಕೆ.

ಕ್ರಿ.ಪೂ. 2400ರ ಸುಮಾರಿಗೆ ಬಂದರೆ ಗಿರ್ಸು ಎಂಬ ನಗರದ ರಾಣಿಯ ಮನೆವಾರ್ತೆಯ ಲೆಕ್ಕಗಳೇ ಸಿಗುತ್ತವೆ, 1,700ಕ್ಕೂ ಹೆಚ್ಚು ಹಲಗೆಗಳು. ಅಷ್ಟು ಹೊತ್ತಿಗೆ ಪದರಗಳು ಸ್ಪಷ್ಟ. ಕೆಲವರಿಗೆ ಉಂಬಳಿಯಂತೆ ತುಂಡು ಭೂಮಿ, ಜೊತೆಗೆ ವರ್ಷದ ಕೆಲವು ತಿಂಗಳು ಮಾತ್ರ ಪಡಿ. ಭೂಮಿಯಿಲ್ಲದ ಹೊರೆಯಾಳುಗಳಿಗೆ, ನೇಯುವ ಹೆಂಗಸರಿಗೆ, ಅವರ ಮಕ್ಕಳಿಗೆ ವರ್ಷವಿಡೀ ಪಡಿಯೇ ಗತಿ. ಕ್ರಿ.ಪೂ. 2100ರ ನಂತರದ ಊರ್ ರಾಜ್ಯದಲ್ಲಿ ಗಂಡಾಳಿಗೆ ತಿಂಗಳಿಗೆ 60 ಸಿಲ ಬಾರ್ಲಿ, ಹೆಣ್ಣಾಳಿಗೆ 30 ಸಿಲ ಎಂಬುದು ಸಾಮಾನ್ಯ ದರವಾಗಿತ್ತು. ಒಂದು ಸಿಲ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್. ಹೊಟ್ಟೆ ಹೊರೆಯಲು ಸಾಕು, ಮುಂದಿನ ವರ್ಷಕ್ಕೆ ಬೀಜ ಉಳಿಸಲು ಸಾಲದು.

ಸ್ವಂತ ಹೊಲವಿದ್ದವರೂ ಕೆಳಗೆ ಜಾರಿದ್ದು ಸಾಲದಿಂದ. ಬೆಳೆ ಹೋದ ವರ್ಷ ದೊಡ್ಡ ಮನೆಯಿಂದ ಬಾರ್ಲಿ ಕಡ ತರಬೇಕು. ಹಳೆಯ ಬ್ಯಾಬಿಲೋನಿನ ಕಾಲದ ರೂಢಿಯಂತೆ ಕಾಳಿಗೆ ಮೂರರಲ್ಲೊಂದು ಪಾಲು ಬಡ್ಡಿ, ಬೆಳ್ಳಿಗೆ ಐದರಲ್ಲೊಂದು. ಎರಡು ವರ್ಷ ಬೆಳೆ ಕೈಕೊಟ್ಟರೆ ಹೊಲ ಹೋಗುತ್ತದೆ, ಆಮೇಲೆ ಹೆಂಡತಿ ಮಕ್ಕಳು ಜೀತಕ್ಕೆ ಹೋಗುತ್ತಾರೆ. ಕ್ರಿ.ಪೂ. 1750ರ ಸುಮಾರಿನ, ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾನೂನು ಇಂಥ ಜೀತವನ್ನು ಮೂರು ವರ್ಷಕ್ಕೆ ಮಿತಿಗೊಳಿಸಿ ನಾಲ್ಕನೆಯ ವರ್ಷ ಬಿಡುಗಡೆ ಮಾಡಬೇಕೆಂದಿತು. ಅದೇ ಕಾನೂನಿನಲ್ಲಿ ಮೂರು ಅಂತಸ್ತಿನ ಜನರಿಗೆ ಮೂರು ನ್ಯಾಯ. ಉತ್ತಮನ ಕಣ್ಣು ಕಿತ್ತವನ ಕಣ್ಣು ಕೀಳಬೇಕು, ಸಾಮಾನ್ಯನ ಕಣ್ಣಾದರೆ ಒಂದು ಮಿನಾ ತೂಕದ ಬೆಳ್ಳಿ ದಂಡ, ಗುಲಾಮನ ಕಣ್ಣಾದರೆ ಅವನ ಬೆಲೆಯ ಅರ್ಧ. ವರ್ಗ ಎಂಬುದು ಕಲ್ಲಿನ ಮೇಲಿನ ಶಾಸನವಾಗಿ ನಿಂತಿತು.

ಹಾಗಾದರೆ ಜನ ಒಪ್ಪಿಕೊಂಡರೇ? ಇಡೀ ಬದಲಾವಣೆ ಯಾರ ಮುಂದೂ ಒಟ್ಟಾಗಿ ಬರಲಿಲ್ಲ. ಸಾಬಿ ಅಬ್ಯದ್‌ನ ಬುಟ್ಟಿಯಿಂದ ಹಮ್ಮುರಾಬಿಯ ಕಲ್ಲಿನವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷ. ಒಂದೊಂದು ತಲೆಮಾರಿಗೆ ಎದುರಾದದ್ದು ಒಂದು ಸಣ್ಣ ಹೆಜ್ಜೆ, ಬಹಳ ಸಲ ಪ್ರಯೋಜನವಿದ್ದ ಹೆಜ್ಜೆ. ಕಾಲುವೆ ನೀರಿನ ಆಸರೆ ಬಿಟ್ಟು ಹೋದರೆ ಆಚೆ ಮರಳುಗಾಡು ಅಥವಾ ಜೌಗು. ಒಪ್ಪಿಗೆ ಕೇಳುವ ಹೊತ್ತಿಗೆ ಬೇಡ ಎನ್ನುವ ಶಕ್ತಿ ಉಳಿದಿರಲಿಲ್ಲ.

ಆದರೂ ಎಲ್ಲರೂ ತಲೆತಗ್ಗಿಸಿ ಕುಳಿತಿರಲಿಲ್ಲ. ಅರ್ಸ್ಲಾನ್‌ತೆಪೆಯ ಅರಮನೆ ಕ್ರಿ.ಪೂ. 3000ದ ಆಸುಪಾಸಿನಲ್ಲಿ ಸುಟ್ಟು ಬಿತ್ತು, ಆ ಉಗ್ರಾಣ ಮುದ್ರೆಗಳ ವ್ಯವಸ್ಥೆ ಅಲ್ಲಿ ಮತ್ತೆ ತಲೆಯೆತ್ತಲಿಲ್ಲ, ಆ ಜಾಗದಲ್ಲಿ ದನಕುರಿ ಕಾಯುವವರು ಗುಡಿಸಲು ಹಾಕಿದರು. ಗಿರ್ಸುವಿನಲ್ಲಿ ಕ್ರಿ.ಪೂ. 2350ರ ಸುಮಾರಿಗೆ ಉರುಕಗಿನ ಎಂಬ ದೊರೆ ಜನರ ದೂರುಗಳನ್ನು ಪಟ್ಟಿಮಾಡಿ ಮಣ್ಣಿನ ಶಂಕುಗಳ ಮೇಲೆ ಬರೆಸಿದ. ದೇವರ ಎತ್ತುಗಳು ದೊರೆಯ ಈರುಳ್ಳಿ ಪಾತಿ ಉಳುತ್ತಿದ್ದವು, ದೇವರ ಒಳ್ಳೆಯ ಹೊಲಗಳಲ್ಲಿ ದೊರೆಯ ಸೌತೆಕಾಯಿ ಬೆಳೆಯುತ್ತಿತ್ತು ಎಂಬುದು ಒಂದು ದೂರು. ಹೆಣ ಹೂಳಲು ಏಳು ಕೊಡ ಬಿಯರ್, 420 ರೊಟ್ಟಿ ವಸೂಲಿ ಮಾಡುತ್ತಿದ್ದರು, ಅದನ್ನು ಮೂರು ಕೊಡ, 80 ರೊಟ್ಟಿಗೆ ಇಳಿಸಿದೆ ಎನ್ನುತ್ತಾನೆ. ಇನ್ನೊಂದು ಕಟ್ಟಳೆ ನನಗೆ ತುಂಬ ಹಿಡಿಸಿದೆ. ಕೈಕೆಳಗಿನವನ ಮನೆಯಲ್ಲಿ ಒಳ್ಳೆಯ ಕತ್ತೆಮರಿ ಹುಟ್ಟಿ ಮೇಲಿನವನು ಅದನ್ನು ಕೇಳಿದರೆ, ನನಗೆ ಒಪ್ಪುವ ಬೆಳ್ಳಿ ಕೊಟ್ಟು ಕೊಂಡುಕೋ ಎನ್ನುವ ಹಕ್ಕು ಅವನಿಗುಂಟು, ಕೊಡದಿದ್ದರೆ ಮೇಲಿನವನು ಅವನಿಗೆ ಹೊಡೆಯುವಂತಿಲ್ಲ. ಇಂಥ ಕಟ್ಟಳೆ ಬೇಕಾಯಿತು ಎಂದರೆ ಅದಕ್ಕೆ ಮೊದಲು ಏನು ನಡೆಯುತ್ತಿತ್ತು ಎಂದು ನೀವೇ ಊಹಿಸಬಹುದು. ಮುಂದಿನ ದೊರೆಗಳೂ ಆಗಾಗ ಸಾಲ ಮನ್ನಾ ಸಾರಿ ಜೀತದವರನ್ನು ಮನೆಗೆ ಕಳಿಸಿದರು. ಜನರ ಒತ್ತಡ ಇಲ್ಲದೆ ಇವು ಬಂದಿರಲಾರವು.

ನಗರ ಎಂದಕೂಡಲೇ ಹೀಗೇ ಆಗಲೇಬೇಕೆಂದೂ ಇಲ್ಲ. ಸಿಂಧೂ ಬಯಲಿನ ಮೊಹೆಂಜೊದಾರೊದಲ್ಲಿ ಅಳತೆಗೆ ತಕ್ಕ ಇಟ್ಟಿಗೆ, ತೂಕದ ಬಟ್ಟು, ಮುದ್ರೆ ಎಲ್ಲ ಇದ್ದವು. ನಿಸ್ಸಂದೇಹವಾಗಿ ಇದು ರಾಜನದು ಎನ್ನುವಂಥ ಅರಮನೆಯಾಗಲಿ ಬಂಗಾರ ತುಂಬಿದ ಸಮಾಧಿಯಾಗಲಿ ಈವರೆಗೆ ಸಿಕ್ಕಿಲ್ಲ. ಅಲ್ಲಿ ದೊಡ್ಡ ಮನೆ ಚಿಕ್ಕ ಮನೆಗಳ ಅಂತರ ಇತ್ತು, ಆದರೆ ಅಂತರದ ಸ್ವರೂಪ ಬೇರೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ನಮ್ಮ ಕರ್ನಾಟಕದ್ದು. ಮೆಸೊಪೊಟೇಮಿಯದ ದಾರಿಯನ್ನು ಇಲ್ಲಿಗೆ ಹಾಗೇ ತಂದು ಹೊಂದಿಸಬಾರದು. ಜಾತಿಯ ಹುಟ್ಟನ್ನೂ ಇದರೊಳಗೆ ಬೆರೆಸಬೇಡಿ. ಹುಟ್ಟಿನಿಂದಲೇ ಕಸುಬು, ಮದುವೆ, ಮಡಿಮೈಲಿಗೆಗಳನ್ನು ಕಟ್ಟುವ ಜಾತಿಗೆ ಪ್ರತ್ಯೇಕ ಇತಿಹಾಸವಿದೆ, ಅದು ಇನ್ನೊಂದು ಪ್ರಶ್ನೆಯ ವಿಷಯ. ನಮ್ಮ ನವಶಿಲಾಯುಗದ ಜನರ ಮುಖ್ಯ ಸಂಪತ್ತು ದನ. ಬಳ್ಳಾರಿ ಬಳಿಯ ಕುಡತಿನಿಯಲ್ಲಿ, ಸುರಪುರ ಸೀಮೆಯ ಬೂದಿಹಾಳದಲ್ಲಿ ಇರುವ ಬೂದಿದಿಬ್ಬಗಳು ದೊಡ್ಡಿಗಳ ಸಗಣಿ ಸುಟ್ಟು ಸುಟ್ಟು ಬೆಳೆದವು. ಆ ಕಾಲದ ನೆಲೆಗಳಲ್ಲಿ ಅರಮನೆ ಎನ್ನುವಂಥದ್ದು ಕಂಡುಬಂದಿಲ್ಲ.

ಬದಲಾವಣೆ ಕಣ್ಣಿಗೆ ಬೀಳುವುದು ಕಬ್ಬಿಣದ ಕಾಲದಲ್ಲಿ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಶಿಲಾಸಮಾಧಿಗಳು ನಾನೂರರಷ್ಟಿವೆ. ಕೆಲವು ಆಳೆತ್ತರವನ್ನು ಮೀರುತ್ತವೆ, ಕೆಲವು ತೀರ ಕುಳ್ಳು. ಅಷ್ಟು ದೊಡ್ಡ ಚಪ್ಪಡಿ ಎಬ್ಬಿಸಿ ನಿಲ್ಲಿಸಲು ಬಹಳ ಕೈಗಳು ಬೇಕು, ಸತ್ತ ಎಲ್ಲರಿಗೂ ಅದು ಸಿಕ್ಕಿರಲಾರದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಕಲ್ಲುಕೊಡಲಿಯ ಜನರ ನೆಲೆಯ ಮೇಲೆ ಬೃಹತ್ ಶಿಲಾಸಮಾಧಿಯ ಜನರ ಪದರ, ಅದರ ಮೇಲೆ ಮುಂದಿನ ಕಾಲದ ಪದರ ಸಿಕ್ಕಿತು. ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವಿದೆ. ಸುವರ್ಣಗಿರಿಯ ರಾಜಕುಮಾರ ಇಸಿಲ ಎಂಬ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಕಳಿಸಿದ ಅಪ್ಪಣೆ ಅದು. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊರೆಯುತ್ತದೆ ಎಂಬುದು ಅದರಲ್ಲಿರುವ ಒಂದು ಮುಖ್ಯ ಮಾತು. ದೊಡ್ಡವರು ಯಾರು, ಸಣ್ಣವರು ಯಾರು ಎಂದು ಶಾಸನ ಬಿಡಿಸಿ ಹೇಳುವ ಗೋಜಿಗೆ ಹೋಗಿಲ್ಲ. ಕೇಳುವವರಿಗೆ ಅಷ್ಟು ಹೊತ್ತಿಗೆ ಅದು ಗೊತ್ತಿತ್ತು.